ಮೇ ತಿಯೆನ್ ಬೆನ್ನ ಮೇಲಿನ ಕುರ್ಚಿ

ಇದರಲ್ಲಿ ಒಂದೇ ಒಂದು ಸುಳ್ಳಿದ್ದರೂ ನನ್ನ ಗಾಡಿಯ ಮೇಲಿರುವ ಬಾಳೆಗೊನೆಗಳೆಲ್ಲ ಹಸಿರಾಗಿಯೇ ಒಣಗಿಹೋಗಲಿ, ಕಬ್ಬೆಲ್ಲ ಬೇವಾಗಲಿ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಕಾಣದ್ದನ್ನು ಕಂಡವರಿಂದ ಕೇಳಿ ಹೇಳುತ್ತೇನೆ. ಯಾರೂ ಕಾಣದ್ದನ್ನು ಮಾತ್ರ ಸ್ವಲ್ಪ ಊಹಿಸಿಕೊಂಡಿದ್ದೇನೆ. ಅದಂತೂ ಎಲ್ಲಕ್ಕಿಂತ ನಿಜ.

ಊರಿಗೆಲ್ಲ ನಾನು ಪಾ ಬುವಾಲಾ, ಎಲ್ಲರಿಗೂ ದೊಡ್ಡಮ್ಮ. ಆನೆ ಕ್ಯಾಂಪಿನ ಗೇಟಿನ ಎದುರೇ ನನ್ನ ಗಾಡಿ. ಚಿಯಾಂಗ್ ಮಾಯ್‌ನಿಂದ ವ್ಯಾನಿನಲ್ಲಿ ಬರುವ ಜನ ಆನೆಗೆ ತಿನ್ನಿಸಲು ನನ್ನ ಹತ್ತಿರ ಬಾಳೆಹಣ್ಣು, ಕಬ್ಬು ಕೊಳ್ಳುತ್ತಾರೆ. ಆನೆಗಳಿಗೂ ನನಗೂ ಹಳೆಯ ನಂಟು. ಪ್ಲಾಯ್ ಫೆಟ್ ಎಂಬ ಗಂಡಾನೆ ಇದೆಯಲ್ಲ, ಅದು ನಾನು ಸೀನಿದರೆ ಗೇಟಿನ ಒಳಗಿನಿಂದಲೇ ಸೊಂಡಿಲು ಎತ್ತಿ ಹರಸುತ್ತಿತ್ತು.

ಕ್ಯಾಂಪಿನ ಒಡತಿಯ ಹೆಸರು ವನ್‌ಪೆನ್. ಆದರೆ ನಮ್ಮ ಕಡೆ ಸಿರಿವಂತ ಹೆಂಗಸನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಮೇ ಲಿಯಂಗ್’ ಎನ್ನುತ್ತೇವೆ. ಸಾಕುತಾಯಿ ಎಂದರ್ಥ. ಹೆಣ್ಣಾನೆಯ ಹೆಸರಿನ ಮುಂದೆಯೂ ‘ಮೇ’ ಎಂದೇ ಸೇರಿಸುತ್ತೇವೆ, ತಾಯಿ ಎಂದು. ಹೀಗಾಗಿ ಆ ಕ್ಯಾಂಪಿನಲ್ಲಿ ತಾಯಂದಿರಿಗೆ ಬರವಿರಲಿಲ್ಲ. ಕೆಲವರು ಹೊರುವವರು, ಒಬ್ಬಳು ಸಾಕುವವಳು. ಯಾರು ಯಾರನ್ನು ಸಾಕುತ್ತಿದ್ದರೆಂದು ನನ್ನನ್ನು ಕೇಳಬೇಡಿ. ನಾನು ಬಾಳೆಹಣ್ಣು ಮಾರುವವಳು.

ಏಳು ಆನೆಗಳಲ್ಲಿ ಎಲ್ಲಕ್ಕೂ ಹಿರಿಯಳು ಮೇ ತಿಯೆನ್. ಅವಳ ಮಾವುತ ಸಿಂಗ್‌ಖಾಮ್. ಅವಳ ಬೆನ್ನ ಮೇಲೆ ಕಬ್ಬಿಣದ ಕುರ್ಚಿ, ಕುರ್ಚಿಯ ಮೇಲೆ ಗಂಡ, ಹೆಂಡತಿ, ಮಕ್ಕಳು, ಅವರ ಚೀಲಗಳು. ಒಂದು ಮಳೆಗಾಲ ಇಳಿಜಾರಿನಲ್ಲಿ ಅವಳ ಕಾಲು ಜಾರಿತು. ಕುಳಿತವರಿಗೆ ಏನೂ ಆಗಲಿಲ್ಲ, ಜಾರುವುದೂ ಟಿಕೆಟ್ಟಿನಲ್ಲಿ ಸೇರಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮೇ ತಿಯೆನ್ ಮಾತ್ರ ಅಂದಿನಿಂದ ಮೇವು ಬಿಟ್ಟಳು. ಸಂಜೆ ಕುರ್ಚಿ ಇಳಿಸಿದಾಗ ಬೆನ್ನಿನ ಮೇಲೊಂದು ಹುಣ್ಣು ಕಂಡಿತು. ಒಂದು ಹಲಸಿನ ತೊಳೆಯನ್ನು ಆರಾಮಾಗಿ ಕೂರಿಸಬಹುದಾದಷ್ಟು ಆಳ.

ಮರುದಿನ ಅವಳಿಗೆ ಮತ್ತೆ ಕುರ್ಚಿ ಕಟ್ಟಿಸಿದರು. ಅದನ್ನು ನೋಡಿ ಪ್ಲಾಯ್ ಫೆಟ್‌ನ ಮಾವುತ ದುವಾಂಗ್‌ದಿ ತನ್ನ ಅಂಕುಶವನ್ನು ಆಫೀಸಿನ ನೆಲಕ್ಕೆ ಬಿಸಾಕಿ ಹೊರಗೆ ಬಂದ. ಸಿಂಗ್‌ಖಾಮ್ ಅವನ ಹಿಂದೆಯೇ ಓಡಿಬಂದ. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ದುವಾಂಗ್‌ದಿ ಚಿಕ್ಕವನು, ಸಿಂಗ್‌ಖಾಮ್‌ನನ್ನು ‘ಪೀ’ ಎನ್ನುತ್ತಿದ್ದ, ಅಣ್ಣ ಎಂದು. ಜಗಳ ನಡೆದದ್ದು ನನ್ನ ಗಾಡಿಯ ಮುಂದೆಯೇ. ಬೇರೆಲ್ಲಿ ನಡೆಯಬೇಕು?

“ನಾನು ಬಿಟ್ಟೆ, ಪಾ. ಇನ್ನು ಈ ಗೇಟು ದಾಟಲ್ಲ,” ಅಂದ ದುವಾಂಗ್‌ದಿ.

“ಹೋಗು, ಹೋಗು,” ಅಂದ ಸಿಂಗ್‌ಖಾಮ್. “ಮನೇಲಿ ಕೂತು ಮೆಕ್ಕೆಜೋಳ ಬೆಳಿ. ಕೈ ಶುದ್ಧವಾಗಿರುತ್ತೆ. ನಾಳೆ ಫೆಟ್ ಮೇಲೆ ಯಾವನೋ ಬಂದು ಕೂರ್ತಾನೆ. ಅವನು ಹೇಗೆ ಚುಚ್ತಾನೆ ಅಂತ ನೋಡೋದು ನಿನಗೆ ಬೇಡ, ಅಲ್ವಾ? ನೀನು ಅಲ್ಲಿ ತೆನೆ ಸುಲೀತಾ ಇರು.”

“ನೀನಿದ್ರೆ ಕುರ್ಚಿ ಹಗುರ ಆಗುತ್ತಾ, ಪೀ? ನೀನು ಅತ್ಕೊಂಡು ಕಟ್ತೀಯ, ಇನ್ನೊಬ್ಬ ಸಿಳ್ಳೆ ಹಾಕ್ಕೊಂಡು ಕಟ್ತಾನೆ. ಆನೆ ಬೆನ್ನಿಗೆ ಎರಡೂ ಒಂದೇ ತೂಕ.”

“ನಾನು ಹಗ್ಗದ ಕೆಳಗೆ ಗೋಣಿ ಮಡಚಿ ಇಡ್ತೀನಿ. ಅವನು ಇಡಲ್ಲ. ಅಷ್ಟೇ ವ್ಯತ್ಯಾಸ.”

“ಆ ಗೋಣಿ ಇದೆಯಲ್ಲ, ಅದರಿಂದಲೇ ಕುರ್ಚಿ ಇನ್ನೂ ಹತ್ತು ವರ್ಷ ಅಲ್ಲಿರುತ್ತೆ. ಆನೆ ಬಿದ್ದು ಹೋಗಿದ್ರೆ ಎಂದೋ ಇಳಿಸಿರೋರು.”

ಸಿಂಗ್‌ಖಾಮ್ ಕೈಯೆತ್ತಿದ. ಹೊಡೆದಾನು ಎಂದು ನಾನು ನಡುವೆ ಒಂದು ಬಾಳೆಗೊನೆ ಹಿಡಿದೆ. ಅವನು ಹೊಡೆಯಲಿಲ್ಲ. “ನೋಡ್ತಾ ಇರು,” ಅಂದ. “ಒಳಗಿದ್ದುಕೊಂಡೇ ಆ ಕುರ್ಚಿ ಇಳಿಸ್ತೀನಿ. ಆವತ್ತು ನೀನು ಬಂದು ನನ್ನ ಕಾಲು ತೊಳೀಬೇಕು.”

“ಯಾಕೆ, ನಿನ್ನ ಕಾಲು ತೊಳೆಯೋಕೆ ಮೇ ಲಿಯಂಗ್ ನೀರು ಬಿಡಲ್ವಾ?” ಅಂದು ದುವಾಂಗ್‌ದಿ ಹೊರಟೇಹೋದ.

ಈಗ ಸಿಂಗ್‌ಖಾಮ್ ಒಳಗೆ ಏನೇನು ಮಾಡಿದ ಕೇಳಿ. ಅವನಿಗೆ ಸಹನೆ ಬಹಳ. ಮೇ ಲಿಯಂಗ್ ಆಫೀಸಿಗೆ ಬಂದಾಗಲೆಲ್ಲ ಬಾಗಿಲಲ್ಲಿ ಕೈಮುಗಿದು ನಿಲ್ಲುತ್ತಿದ್ದ. ಮೇ ಲಿಯಂಗ್ ಕೆಟ್ಟವಳಲ್ಲ. ಒಬ್ಬರಿಗೂ ‘ಇಲ್ಲ’ ಅಂದವಳೇ ಅಲ್ಲ. ಅದೇ ಕಷ್ಟ. ‘ಇಲ್ಲ’ ಅನ್ನುವವರ ಜೊತೆ ಜಗಳವಾಡಬಹುದು.

“ಮೇ ಲಿಯಂಗ್, ಆನೆಗಳು ದಣಿದಿವೆ. ಮಧ್ಯಾಹ್ನ ಸ್ವಲ್ಪ ಹೊತ್ತು ನೆರಳಲ್ಲಿ ಬಿಡೋಣ,” ಅಂದ ಸಿಂಗ್‌ಖಾಮ್.

“ಎಷ್ಟು ಒಳ್ಳೆ ಮಾತು ಹೇಳ್ದೆ, ಮಗಾ!” ಅಂದಳು. ವಾರದೊಳಗೆ ನೆರಳಿನ ಸುತ್ತ ಬೆಂಚು ಬಂತು, ‘ಆನೆಯ ವಿಶ್ರಾಂತಿ ದರ್ಶನ’ ಎಂಬ ಹೊಸ ಟಿಕೆಟ್ಟು ಬಂತು. ಜನ ಬಂದು ಆನೆ ಮಲಗಿತೇ ಎಂದು ಕೋಲಿನಿಂದ ತಿವಿದು ನೋಡತೊಡಗಿದರು.

ಇನ್ನೊಮ್ಮೆ ಹೋಗಿ, ಆನೆಗೆ ಸ್ನಾನ ಒಳ್ಳೆಯದು ಅಂದ. ಮೇ ಲಿಯಂಗ್‌ಳ ಕಣ್ಣಲ್ಲಿ ನೀರೇ ಬಂತು. ಆಮೇಲೆ ಒಂದು ವ್ಯಾನಿನವರು ತಿಕ್ಕಿ ಮುಗಿಸುವುದರೊಳಗೆ ಇನ್ನೊಂದು ವ್ಯಾನು. ಆನೆಗಳನ್ನು ಅದೆಷ್ಟು ತಿಕ್ಕಿದರೆಂದರೆ, ಚಿಕ್ಕ ಹೆಣ್ಣಾನೆಯೊಂದು ಬೆಳ್ಳಗಾಗಿಬಿಟ್ಟಿತು. ಪಕ್ಕದೂರಿನ ಮುದುಕಿಯೊಬ್ಬಳು ಅದನ್ನು ಅರಮನೆಯ ಬಿಳಿಯಾನೆ ಎಂದುಕೊಂಡು ರಸ್ತೆಯಲ್ಲೇ ಅಡ್ಡಬಿದ್ದಳು. ಆಣೆ ಇಟ್ಟಿದ್ದೇನೆ, ಮರೆಯಬೇಡಿ.

ಕೊನೆಗೆ ಅಂಕುಶ ಬೇಡ ಅಂದ. “ಬೇಡವೇ ಬೇಡ!” ಅಂದಳು ಮೇ ಲಿಯಂಗ್. ಅಂಕುಶಗಳನ್ನೆಲ್ಲ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ‘ಇವು ಹಿಂದಿನ ಕಾಲದವು’ ಎಂದು ಬರೆಸಿದಳು. ಗೋಡೆಗೆ ಹೊಡೆದು ಉಳಿದ ಮೊಳೆಗಳನ್ನು ಮಾವುತರ ಕೈಗೆ ಒಂದೊಂದು ಕೊಟ್ಟಳು. ಬೆರಳ ಸಂದಿಯಲ್ಲಿ ಅಡಗಿಸಿಟ್ಟು ಕಿವಿಯ ಹಿಂದೆ ಒತ್ತಿದರೆ ನೋಡುವವರಿಗೆ ಸವರಿದ ಹಾಗೆ ಕಾಣುತ್ತದೆ.

ಇಷ್ಟೆಲ್ಲ ಒಳ್ಳೆಯ ಕೆಲಸ ಮಾಡಿಸಿದ್ದಕ್ಕೆ ಸಿಂಗ್‌ಖಾಮ್‌ಗೆ ಹಸಿರು ಅಂಗಿ ಕೊಟ್ಟರು. ಅದರ ಬೆನ್ನ ಮೇಲೆ ‘ಕರುಣೆ ವಿಭಾಗದ ಮುಖ್ಯಸ್ಥ’ ಎಂದಿತ್ತಂತೆ. ನನಗೆ ಓದಲು ಬಾರದು, ಬೇರೆ ಮಾವುತರು ಓದಿ ಹೇಳಿದರು. ಅವರಿಗೆ ಅದೇ ಹಬ್ಬ. “ಕರುಣೆ ಸಾಹೇಬ್ರೇ, ನಮ್ಮ ಮೇಲೂ ಸ್ವಲ್ಪ ಕರುಣೆ ಇರಲಿ, ಲದ್ದಿ ಎತ್ತೋಕೆ ಬನ್ನಿ” ಎಂದು ಕೂಗುತ್ತಿದ್ದರು.

ಮೇ ತಿಯೆನ್ ಕುರ್ಚಿ? ಅದರ ಮಾತೆತ್ತಿದರೆ ಮಾತ್ರ ಮೇ ಲಿಯಂಗ್, “ಜೈ ಯೆನ್ ಯೆನ್, ಮಗಾ. ಸಮಾಧಾನ, ಸಮಾಧಾನ. ಮಕ್ಕಳು ಹೆದರದೆ ಕೂರೋದು ಅವಳ ಮೇಲೆ ಮಾತ್ರ. ನಾಳೆ ಮಾತಾಡೋಣ,” ಅನ್ನುತ್ತಿದ್ದಳು. ಆ ನಾಳೆ ಎಂಬುದು ಬೆಟ್ಟದ ಆ ಕಡೆಯೇ ಉಳಿಯಿತು, ಈ ಕಡೆಗೆ ಇಳಿಯಲಿಲ್ಲ.

ಅವನು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ. ಅದು ಯಾವ ವಿಭಾಗಕ್ಕೂ ಸೇರಿದ್ದಲ್ಲ. ನಮ್ಮಲ್ಲಿ ಯಾರಾದರೂ ಬೆಚ್ಚಿಬಿದ್ದರೆ, ಜಾರಿಬಿದ್ದರೆ, ಅವರ ಖ್ವಾನ್ ಮೈಬಿಟ್ಟು ಹೋಗುತ್ತದೆ. ಜೀವ ಹೋಗುವುದಿಲ್ಲ, ಜೀವದ ಜೊತೆಗಾರ ಹೋಗುತ್ತಾನೆ. ಆಮೇಲೆ ಊಟ ಸೇರುವುದಿಲ್ಲ, ಕಣ್ಣಿಗೆ ಕಳೆ ಇರುವುದಿಲ್ಲ. ಆಗ ಹಿರಿಯರು ಕೂತು, “ಮಾ ನೋ, ಖ್ವಾನ್ ಎಯ್,” ಬಾರೋ ಖ್ವಾನ್, ಮನೆಗೆ ಬಾ ಎಂದು ರಾಗವಾಗಿ ಕರೆದು ಕೈಗೆ ಬಿಳಿ ದಾರ ಕಟ್ಟುತ್ತಾರೆ. ಮನುಷ್ಯರಿಗೂ ಅಷ್ಟೆ, ಆನೆಗೂ ಅಷ್ಟೆ.

ಮೇ ತಿಯೆನ್ ಜಾರಿಬಿದ್ದದ್ದು ಕ್ಯಾಂಪಿನ ಹಿಂದಿನ ಹಳ್ಳದ ಹತ್ತಿರ. ಹಳ್ಳದ ಈಚೆ ಕ್ಯಾಂಪು, ಆಚೆ ಊರೊಟ್ಟಿನ ಬಿದಿರ ಕಾಡು. ಅವಳ ಖ್ವಾನ್ ಹೆದರಿ ಬಿದಿರಿನೊಳಗೆ ಓಡಿಹೋಗಿದೆ ಎಂದು ಸಿಂಗ್‌ಖಾಮ್ ತಿಳಿದ. ಕೊನೆಯ ವ್ಯಾನು ಹೋದ ಮೇಲೆ, ಕುರ್ಚಿ ಇಳಿಸಿ, ಅವಳನ್ನು ಹಳ್ಳದ ದಡದಲ್ಲಿ ನಿಲ್ಲಿಸಿ, ಆಚೆಯ ಕಾಡಿಗೆ ಮುಖ ಮಾಡಿ ಕರೆಯುತ್ತಿದ್ದ. “ಮಾ ನೋ, ಖ್ವಾನ್ ಎಯ್! ಬಾ, ಬಾ!”

ಖ್ವಾನ್ ಬರಲಿಲ್ಲ. ಒಂದು ಸಂಜೆ ಮೇ ತಿಯೆನ್ ಅವನ ಮುಖ ನೋಡಿದಳು, ಕಾಡು ನೋಡಿದಳು. ನೀನು ಹೀಗೆ ಕೂಗಿದರೆ ಅದು ಬರುವುದಿಲ್ಲ ಮಾರಾಯ, ನಾನೇ ಹೋಗಿ ಕರೆತರುತ್ತೇನೆ ಎಂಬಂತೆ ನೀರಿಗಿಳಿದು ಹಳ್ಳ ದಾಟಿದಳು. ಆಚೆ ಹೋಗಿ ಎಳೆಬಿದಿರು ಮುರಿದು ತಿಂದಳು. ಎಷ್ಟೋ ದಿನದ ಮೇಲೆ ತಿಂದದ್ದು! ಸಿಂಗ್‌ಖಾಮ್ ಅತ್ತುಬಿಟ್ಟ. ಅಂದೇ ಒಂದು ಹರಕೆ ಹೊತ್ತ. ಹಳ್ಳದ ಆಚೆ ಅವಳಿಗೆ ಯಾರೂ ಯಾವ ಅಪ್ಪಣೆಯನ್ನೂ ಕೊಡಬಾರದು, ತಾನೂ ಕೊಡಬಾರದು. ಬೆಳಗ್ಗೆ ಅವಳಾಗಿ ಬಂದರೆ ಬಂದಳು. ಅವಳು ದಿನಾ ಬರುತ್ತಿದ್ದಳು. ಮತ್ತೆ ಅದೇ ಕುರ್ಚಿಗೆ ಬೆನ್ನು ಕೊಡಲು ಬರುತ್ತಿದ್ದಳಲ್ಲ, ಅದೇ ನೋಡಿ ನನಗೆ ಸಂಕಟ.

ಕೆಲವೇ ದಿನಗಳಲ್ಲಿ ಉಳಿದ ಆನೆಗಳೂ ಹಿಂಬಾಲಿಸಿದವು. ಸಿಂಗ್‌ಖಾಮ್ ‘ಮಾ ನೋ’ ಎಂದು ಬಾಯಿ ತೆರೆದರೆ ಸಾಕು, ಏಳಕ್ಕೆ ಏಳೂ ಸಾಲಾಗಿ ನೀರಿಗಿಳಿಯುತ್ತಿದ್ದವು. ಅವನು ‘ಬಾ’ ಎಂದು ಕರೆಯುತ್ತಿದ್ದ. ಅವುಗಳ ಕಿವಿಗೆ ಅದು, ಕೆಲಸ ಮುಗಿಯಿತು, ಹೊರಡಿ ಎಂದಾಯಿತು. ಅವನು ಅದನ್ನು ತಿದ್ದಲಿಲ್ಲ. ಖ್ವಾನ್ ಕರೆಯುವ ಮಾತನ್ನು ಹಗಲಲ್ಲಿ, ಕೆಲಸದ ಹೊತ್ತಿನಲ್ಲಿ ಯಾರು ಆಡುತ್ತಾರೆ ಎಂದುಕೊಂಡ.

ಇತ್ತ ದುವಾಂಗ್‌ದಿಯ ಕಥೆಯೂ ಅಂಥದ್ದೇ. ಮೆಕ್ಕೆಜೋಳ ಬಿತ್ತಿದ. ಆದರೆ ಹೊಲದಲ್ಲಿ ನಿಲ್ಲಲಾಗಲಿಲ್ಲ. ಕೂಡುರಸ್ತೆಗೆ ಬಂದು ನಿಂತು ವ್ಯಾನು ತಡೆದು, “ಅಲ್ಲಿಗೆ ಹೋಗ್ಬೇಡಿ, ಆನೆ ಬೆನ್ನು ಹುಣ್ಣಾಗಿದೆ” ಎಂದು ಕೈಸನ್ನೆ ಮಾಡಿ ಹೇಳುತ್ತಿದ್ದ. ಜನ ಬಹಳ ಒಳ್ಳೆಯವರು, ತಲೆಯಾಡಿಸಿ ಗಾಡಿ ತಿರುಗಿಸಿಕೊಂಡು ಬೆಟ್ಟದ ಕೆಳಗಿನ ಕ್ಯಾಂಪಿಗೆ ಹೋಗುತ್ತಿದ್ದರು. ಅಲ್ಲಿ ಆನೆಗಳು ಒಂದು ಕಾಲಲ್ಲಿ ನಿಂತು ಫುಟ್‌ಬಾಲ್ ಆಡುತ್ತಿದ್ದವು. ಫೆಟ್‌ಗೆ ಬಂದ ಹೊಸ ಮಾವುತ ಮೊಳೆಯನ್ನು ಚೆನ್ನಾಗಿಯೇ ಬಳಸುತ್ತಿದ್ದ. ದುವಾಂಗ್‌ದಿ ದಿನಾ ಸಂಜೆ ನನ್ನ ಗಾಡಿಯ ಹಿಂದೆ ಅಡಗಿ ಕೂತು ಗೇಟಿನ ಸಂದಿಯಿಂದ ಅದರ ಕಿವಿ ನೋಡುತ್ತಿದ್ದ.

“ಗೇಟು ದಾಟಲ್ಲ ಅಂದ್ಯಲ್ಲೋ,” ಅಂದೆ ಒಮ್ಮೆ.

“ದಾಟಿಲ್ಲವಲ್ಲ, ಪಾ. ಕಣ್ಣು ಮಾತ್ರ ದಾಟ್ತಿದೆ.”

ಸಿಂಗ್‌ಖಾಮ್ ಆ ಹಸಿರು ಅಂಗಿಯಲ್ಲಿ ಬಂದರೆ ಇವನು ಎದ್ದು ನಿಂತು ಸಲಾಮು ಹೊಡೆಯುತ್ತಿದ್ದ. “ಕುರ್ಚಿ ಇಳೀತಾ, ಸಾಹೇಬ್ರೇ?”

“ನಿನ್ನ ಮಾತು ಕೇಳಿ ಎಷ್ಟು ವ್ಯಾನು ನಿಂತ್ವು, ಹೇಳು ಮೊದಲು.”

“ನಿಂತ್ವಲ್ಲ! ದಾರಿ ಕೇಳೋಕೆ ನಿಂತ್ವು.”

ಇಬ್ಬರೂ ನಗುತ್ತಿದ್ದರು. ನಕ್ಕ ಮೇಲೆ ಇಬ್ಬರೂ ನನ್ನ ಬಾಳೆಹಣ್ಣು ಸುಲಿದು ತಿನ್ನದೆ ಹಾಗೇ ಕೈಯಲ್ಲಿ ಹಿಡಿದು ಕೂರುತ್ತಿದ್ದರು. ತಿನ್ನದ ಹಣ್ಣಿನ ಲೆಕ್ಕ ನಾನು ಯಾರಲ್ಲೂ ಕೇಳಿಲ್ಲ.

ಆಗ ಬಂತು ಸುದ್ದಿ. ದೂರದೇಶದ ಪ್ರವಾಸ ಕಂಪನಿಯ ದೊಡ್ಡ ಹೆಂಗಸೊಬ್ಬಳು ಕ್ಯಾಂಪು ನೋಡಲು ಬರುತ್ತಾಳೆ. ಆನೆಯ ಮೇಲೆ ಯಾರೂ ಕೂರದ ಕ್ಯಾಂಪಿಗೆ ಮಾತ್ರ ಅವರು ಜನರನ್ನು ಕಳಿಸುವುದು. ಮೇ ಲಿಯಂಗ್ ಕ್ಯಾಂಪಿನ ಫಲಕ ಇಳಿಸಿ ‘ಆನೆಗಳ ಆಶ್ರಯಧಾಮ’ ಎಂದು ಹೊಸ ಫಲಕ ಏರಿಸಿದಳು. ಕುರ್ಚಿಗಳನ್ನೆಲ್ಲ ಕೊಟ್ಟಿಗೆಗೆ ಸೇರಿಸಿದಳು. ಅತಿಥಿಯ ಎದುರು ಆನೆಗಳ ಖ್ವಾನ್ ಕರೆಯುವ ಪೂಜೆ ಇಟ್ಟುಕೊಂಡಳು. ಬೆಂದ ಕೋಳಿ, ಅಂಟಕ್ಕಿ ಅನ್ನ, ಬಾಳೆಹಣ್ಣಿನ ಗುಡ್ಡ, ಅಕ್ಕಿಯ ಸಾರಾಯಿ. ಆ ಗುಡ್ಡ ನನ್ನದೇ. ನಾನೂ ಹೊಸ ಸೀರೆ, ಅಂದರೆ ನಮ್ಮ ಕಡೆಯ ಸಿನ್, ಉಟ್ಟು ಒಳಗೆ ಹೋದೆ.

ಹೋಗಿ ನೋಡಿದರೆ ಮೇ ತಿಯೆನ್ ಬೆನ್ನ ಮೇಲೆ ಕುರ್ಚಿ ಹಾಗೇ ಇದೆ! ಚೆಂಡುಹೂವು ಸುತ್ತಿದ್ದಾರೆ, ಕೆಂಪು ಬಟ್ಟೆ ಹೊದಿಸಿದ್ದಾರೆ.

“ಇದೇನು ಮೇ ಲಿಯಂಗ್?” ಅಂದ ಸಿಂಗ್‌ಖಾಮ್. ಅವನ ಬಣ್ಣವೇ ಇಳಿದಿತ್ತು. “ಎಲ್ಲಾ ಇಳಿಸ್ತೀವಿ ಅಂದ್ರಲ್ಲ.”

“ಇಳಿಸ್ತೀನಿ ಮಗಾ. ಅವರು ಬರೋಕೆ ಇನ್ನೂ ಹೊತ್ತಿದೆ. ಫಲಕದ ಮೇಲೆ ಹಾಕೋಕೆ ನಂದೊಂದು ಫೋಟೋ ಬೇಕಲ್ಲ, ಆಶ್ರಯಧಾಮದ ತಾಯಿ ಅಂತ.”

“ಆನೆ ಮೇಲೆ ಕೂತುಕೊಂಡಾ?”

“ಪ್ರವಾಸಿಗರು ಕೂರಬಾರದು ಅಂತ ತಾನೇ ನಿಯಮ? ನಾನೇನು ಪ್ರವಾಸಿನಾ? ಕೂರಿಸು, ಕೂರಿಸು. ಫೋಟೋ ಆದ ಮೇಲೆ ಕುರ್ಚಿ ಪಕ್ಕಕ್ಕಿಡೋಣ. ರಜೆ ದಿನಗಳಲ್ಲಿ ಮಾತ್ರ ಮತ್ತೆ ಹೊರಗೆ ತೆಗೀತೀವಿ.”

ಸಿಂಗ್‌ಖಾಮ್ ಆನೆಯ ಕಡೆ ತಿರುಗಿದ. “ಮೋಪ್,” ಅಂದ. ಮೇ ತಿಯೆನ್ ಮಂಡಿಯೂರಿ ಬಗ್ಗಿದಳು. ಮೇ ಲಿಯಂಗ್ ರೇಷ್ಮೆ ಉಟ್ಟು, ಛತ್ರಿ ಹಿಡಿದು, ಕುರ್ಚಿಯಲ್ಲಿ ಕೂತಳು. ಏಳುವಾಗ ಹುಣ್ಣಿನ ಮೇಲೆ ಭಾರ ಬಿದ್ದು ಮೇ ತಿಯೆನ್ ಬಾಯಿಂದ ಒಂದು ಸಣ್ಣ ಸದ್ದು ಬಂತು. ಆ ಸದ್ದು ಕೇಳಿದವರು ನಾನು ಮತ್ತು ಸಿಂಗ್‌ಖಾಮ್ ಇಬ್ಬರೇ.

ಖ್ವಾನ್ ಕರೆಯಲು ಬಂದವರು ಲುಂಗ್ ನಾನ್, ನಮ್ಮೂರ ಹಿರಿಯರು, ಒಂದು ಕಾಲಕ್ಕೆ ಭಿಕ್ಷುವಾಗಿದ್ದವರು. ಅವರ ಗಂಟಲು ಎಂಥದ್ದೆಂದರೆ, ಅವರು ಹಾಡಿದರೆ ಗದ್ದೆಯ ಕಪ್ಪೆಗಳು ನಾಚಿ ಸುಮ್ಮನಾಗುತ್ತವೆ. ದೇವತೆಗಳಿಗೆ ಇಟ್ಟ ಸಾರಾಯಿ ಸರಿಯಾಗಿದೆಯೇ ಎಂದು ಅವರು ಆಗಲೇ ಒಂದೆರಡು ಸಲ ಪರೀಕ್ಷೆ ಮಾಡಿದ್ದರು. ಈಗ ಮೈಕು ಪರೀಕ್ಷೆ ಮಾಡಲು ಹೊರಟರು. ನಾನೋ ನೀವೋ ಆಗಿದ್ದರೆ ಫೂ ಫೂ ಎಂದು ಊದುತ್ತಿದ್ದೆವು. ಅವರಿಗೆ ಬಾಯಿಗೆ ಬಂದದ್ದು ಜೀವಮಾನವೆಲ್ಲ ಹಾಡಿದ ಆ ಒಂದೇ ಮಾತು.

“ಮಾ... ನೋ... ಖ್ವಾನ್... ಎಯ್...!”

ಕಂಬಕ್ಕೆ ಕಟ್ಟಿದ ನಾಲ್ಕು ಧ್ವನಿವರ್ಧಕಗಳಿಂದ ಬೆಟ್ಟವೇ ಕರೆದಂತಾಯಿತು. ಸಿಂಗ್‌ಖಾಮ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಏಳು ಜೋಡಿ ಕಿವಿಗಳು ಒಮ್ಮೆಗೇ ಬೀಸಿದವು. ಕೆಲಸ ಮುಗಿಯಿತು!

ಮೇ ತಿಯೆನ್ ಮುಂದೆ, ಉಳಿದವು ಹಿಂದೆ. ಬಾಳೆಹಣ್ಣಿನ ಗುಡ್ಡದ ಪಕ್ಕದಲ್ಲೇ ಹಾದುಹೋದವು, ಒಂದು ಹಣ್ಣನ್ನೂ ಮುಟ್ಟಲಿಲ್ಲ. ನನಗೆ ಇವತ್ತಿಗೂ ಬೇಜಾರು. ಫೋಟೋದವನು ಓಡಿದ, ಮಾವುತರು ಓಡಿದರು. “ಹೌ! ಹೌ! ನಿಲ್ಲು!” ಎಂದು ಕೂಗಿದರು. ಲುಂಗ್ ನಾನ್ ಕಣ್ಣು ಮುಚ್ಚಿ ರಾಗ ಎಳೆಯುತ್ತಲೇ ಇದ್ದರು. ಹಳ್ಳದ ನೀರಲ್ಲಿ ಮೇ ಲಿಯಂಗ್‌ಳ ಛತ್ರಿ ಮಾತ್ರ ತೇಲಿಕೊಂಡು ಹೋಯಿತು. ಅದು ಮುಂದೆ ಪಿಂಗ್ ನದಿ ಸೇರಿ ಬ್ಯಾಂಕಾಕಿನವರೆಗೆ ಹೋಯಿತಂತೆ, ಅಲ್ಲಿ ಯಾರೋ ಹಿಡಿದುಕೊಂಡು ಓಡಾಡುತ್ತಿದ್ದಾರಂತೆ.

ಅದೇ ಹೊತ್ತಿಗೆ ಗೇಟಿನಲ್ಲಿ ವ್ಯಾನು ಬಂತು. ಕೂಡುರಸ್ತೆಯಿಂದ ದುವಾಂಗ್‌ದಿ ಅದರ ಹಿಂದೆಯೇ ಓಡಿಬಂದಿದ್ದ, ಆ ಹೆಂಗಸಿಗೆ ಹುಣ್ಣಿನ ವಿಷಯ ಹೇಳಲೇಬೇಕೆಂದು. ಗದ್ದಲ ಕೇಳಿ ಗೇಟಿಗೆ ಸುತ್ತುಹಾಕಿ ಬೇಲಿಯ ಆಚೆಯಿಂದಲೇ ಹಳ್ಳಕ್ಕೆ ಧುಮುಕಿದ. ಗೇಟು ದಾಟಲಿಲ್ಲ ನೋಡಿ, ಮಾತಿನ ಮನುಷ್ಯ.

ನಾನು ಹಳ್ಳ ದಾಟುವುದರೊಳಗೆ ಮೇ ತಿಯೆನ್ ಬಿದಿರಿನೊಳಗೆ ನಿಂತು ಸಾವಧಾನವಾಗಿ ಮೇಯುತ್ತಿದ್ದಳು. ಮೇಲೆ ಕುರ್ಚಿಯಲ್ಲಿ ಮೇ ಲಿಯಂಗ್, ಬಿದಿರ ಎಲೆಗಳ ನಡುವೆ ಮುಖ ಮಾತ್ರ ಕಾಣುತ್ತಿತ್ತು. ಈಚೆ ದಡದಲ್ಲಿ ಪ್ರವಾಸ ಕಂಪನಿಯ ಆ ಹೆಂಗಸು, ಬಹಳ ಎತ್ತರದವಳು, ಕೈಕಟ್ಟಿ ನಿಂತು ನೋಡುತ್ತಿದ್ದಳು.

“ಸಿಂಗ್‌ಖಾಮ್, ಇಳಿಸು ನನ್ನ!” ಅಂದಳು ಮೇ ಲಿಯಂಗ್.

ಸಿಂಗ್‌ಖಾಮ್ ಆನೆಯ ಮುಂದೆ ಬಂದು ನಿಂತ. ‘ಮೋಪ್’ ಎಂಬ ಒಂದು ಮಾತು ಆಡಬೇಕು, ಅಷ್ಟೆ. ಆದರೆ ಹಳ್ಳದ ಆಚೆ ಅಪ್ಪಣೆ ಇಲ್ಲ ಎಂದು ಹರಕೆ ಹೊತ್ತವನು ಅವನೇ.

“ಮಾತು ಕೇಳ್ದಿದ್ರೆ ಮೊಳೆ ಇದೆಯಲ್ಲೋ! ನಿನ್ನ ಜೇಬಲ್ಲೇ ಇದೆ, ನಾನೇ ಕೊಟ್ಟಿದ್ದು. ಒತ್ತು!” ಅಂದಳು ಅವಳು ಪಿಸುಮಾತಿನಲ್ಲಿ. ಆನೆಯ ಮೇಲಿಂದ ಆಡಿದ ಪಿಸುಮಾತು ಎಲ್ಲರಿಗೂ ಕೇಳಿಸುತ್ತದೆ.

ಸಿಂಗ್‌ಖಾಮ್ ಜೇಬಿಗೆ ಕೈಹಾಕಿ ಮೊಳೆ ತೆಗೆದ. ನೀರಲ್ಲಿ ನಿಂತಿದ್ದ ದುವಾಂಗ್‌ದಿ ಒಂದು ಹೆಜ್ಜೆ ಮುಂದೆ ಬಂದ.

“ಒತ್ತು, ಪೀ,” ಅಂದ. ಅವನ ಸ್ವರದಲ್ಲಿ ಕುಚೋದ್ಯ ಇರಲಿಲ್ಲ. “ಒತ್ತಿದ್ರೆ ಕೆಲಸ ಉಳಿಯುತ್ತೆ. ನಾಳೆ ಹಗ್ಗದ ಕೆಳಗೆ ಗೋಣಿ ಇಡೋಕೆ ನೀನಿರ್ತೀಯ. ಒತ್ತದಿದ್ರೆ ನನ್ನ ಹಾಗೆ ಗೇಟಿನ ಸಂದಿಯಿಂದ ನೋಡ್ತೀಯ. ಎರಡೂ ಹೇಗಿರುತ್ತೆ ಅಂತ ಈಗ ನಮ್ಮಿಬ್ಬರಿಗೂ ಗೊತ್ತು.”

ಸಿಂಗ್‌ಖಾಮ್ ಮೊಳೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ. ಮೇ ತಿಯೆನ್ ಒಂದು ಎಳೆಬಿದಿರು ಮುರಿದು, ಅವನಿಗೂ ಬೇಕೇ ಎಂಬಂತೆ ಸೊಂಡಿಲು ಚಾಚಿದಳು. ಅವನು ಮೊಳೆಯನ್ನು ಹಳ್ಳಕ್ಕೆ ಎಸೆದ.

“ಮೇ ಲಿಯಂಗ್, ಇಲ್ಲಿ ಅವಳಿಗೆ ನಾನು ಹೇಳೋ ಹಾಗಿಲ್ಲ,” ಅಂದ. “ಅವಳು ಬಗ್ಗಲ್ಲ. ಹೊಟ್ಟೆಪಟ್ಟಿ ಬಿಚ್ಚಿದ್ರೆ ಕುರ್ಚಿ ಸಮೇತ ನಿಮ್ಮನ್ನ ಇಳಿಸಬಹುದು. ಆದ್ರೆ ಬಿಚ್ಚಿದ್ದನ್ನ ನಾನು ಮತ್ತೆ ಕಟ್ಟಲ್ಲ. ಯಾರೂ ಕಟ್ಟಬಾರದು. ಬಿಚ್ಚು ಅಂತ ನೀವೇ ಹೇಳ್ಬೇಕು.”

“ಜೈ ಯೆನ್ ಯೆನ್, ಮಗಾ. ಮೊದಲು ಇಳಿಸು. ನಾಳೆ ಮಾತಾಡೋಣ.”

“ಆಗಲಿ. ನಾಳೆವರೆಗೆ ಆರಾಮಾಗಿ ಕೂತಿರಿ,” ಅಂದು ಸಿಂಗ್‌ಖಾಮ್ ಬಂಡೆಯ ಮೇಲೆ ಕೂತೇಬಿಟ್ಟ. ದುವಾಂಗ್‌ದಿ ಹೋಗಿ ಪಕ್ಕದಲ್ಲಿ ಕೂತ. ನಾನು ಇಬ್ಬರಿಗೂ ಒಂದೊಂದು ಬಾಳೆಹಣ್ಣು ಕೊಟ್ಟೆ. ಆವತ್ತು ಇಬ್ಬರೂ ತಿಂದರು.

ಮೇ ಲಿಯಂಗ್ ಛಲದವಳು, ನಿಜವಾಗಿಯೂ ನಾಳೆವರೆಗೆ ಕೂತಿರುತ್ತಿದ್ದಳು. ಆದರೆ ಮೇ ತಿಯೆನ್ ಪಕ್ಕದ ಕಾಡುಮಾವಿನ ಕೊಂಬೆಯನ್ನು ಸೊಂಡಿಲಿನಿಂದ ಎಳೆದಳು. ಆ ಕೊಂಬೆಯಲ್ಲಿ ಕೆಂಪಿರುವೆಯ ಗೂಡು. ನಾವು ಅದರ ಮೊಟ್ಟೆಯ ಸಾರು ಮಾಡುತ್ತೇವೆ, ಬಹಳ ರುಚಿ. ಇರುವೆಗಳಿಗೆ ಆ ದಿನ ರೇಷ್ಮೆಯೊಳಗಿನ ರುಚಿ ಸಿಕ್ಕಿತು.

“ಬಿಚ್ಚೋ! ಬಿಚ್ಚೋ!”

“ಮತ್ತೆ ಕಟ್ಟಬಾರದು,” ಅಂದ ಸಿಂಗ್‌ಖಾಮ್.

“ಕಟ್ಟಲ್ಲ! ನಮ್ಮಪ್ಪನಾಣೆ, ನಮ್ಮಮ್ಮನಾಣೆ, ಬಿಚ್ಚೋ ಮಗಾ!”

ಆ ಪಟ್ಟಿಯನ್ನು ಒಬ್ಬನೇ ಬಿಚ್ಚುವ ಹಾಗಿಲ್ಲ. ಒಂದು ಕಡೆ ಮಾತ್ರ ಸಡಿಲಿಸಿದರೆ ಕುರ್ಚಿ ವಾಲಿ, ಆನೆಯ ಬೆನ್ನು ಸೀಳುತ್ತದೆ. ಎಡಕ್ಕೆ ಸಿಂಗ್‌ಖಾಮ್ ಹೋದ, ಬಲಕ್ಕೆ ದುವಾಂಗ್‌ದಿ ಹೋದ. “ನಿಧಾನ, ಪೀ.” “ನೀನು ನಿಧಾನ.” ಇಬ್ಬರೂ ಹೆಗಲು ಕೊಟ್ಟು, ಒಡತಿ, ಹೂವು, ಇರುವೆ ಎಲ್ಲ ಸಮೇತ ಕುರ್ಚಿಯನ್ನು ಕೆಳಗಿಳಿಸಿದರು.

ಮೇ ಲಿಯಂಗ್ ಮೈ ಕೆರೆದುಕೊಳ್ಳುತ್ತ ಎದ್ದು ತಿರುಗಿದಳು. ಬೆನ್ನಿನ ಹುಣ್ಣು ಅವಳ ಕಣ್ಣಿನ ಎದುರಿಗೇ ಇತ್ತು. ಅವಳು ಅದನ್ನು ಮೊದಲ ಸಲ ನೋಡಿದ್ದು. ಹತ್ತು ಜನ ಹೇಳಿದ್ದರೂ ನೋಡಿರಲಿಲ್ಲ. ಕೆರೆಯುವ ಕೈ ಹಾಗೇ ನಿಂತಿತು. “ನಾನು ಕೂತಿದ್ದು ಇದರ ಮೇಲಾ?” ಅಂದಳು. ಮೇ ತಿಯೆನ್ ಮೇಯುತ್ತಲೇ ಇದ್ದಳು.

ಅವಳು ಆವತ್ತೇ ಸಂತಳಾದಳು ಎಂದು ಹೇಳಿದರೆ ನನ್ನ ಆಣೆ ಕೆಡುತ್ತದೆ. ಆ ಎತ್ತರದ ಹೆಂಗಸು ಈಚೆ ದಡಕ್ಕೆ ಬಂದ ಅವಳ ಕೈಹಿಡಿದು ಏನೋ ಕೇಳಿದಳು. ಮೇ ಲಿಯಂಗ್ ಹಿಂದೆ ತಿರುಗಿ ಆನೆಗಳನ್ನು ನೋಡಿ, “ಅವು ತಾವೇ ಆರಿಸ್ಕೊಂಡ ಕಾಡು, ಅಲ್ಲೇ ಇರ್ತವೆ,” ಅಂದಳು. ತಿಂಗಳೊಳಗೆ ದಡದಲ್ಲಿ ಬೆಂಚು ಬಂತು, ದುರ್ಬೀನು ಬಂತು, ‘ದೂರದಿಂದ ಆನೆ ದರ್ಶನ’ ಟಿಕೆಟ್ಟೂ ಬಂತು. ಮಾರಲಿ ಬಿಡಿ. ಹಳ್ಳವನ್ನು ಈಗ ಯಾವ ಪ್ರವಾಸಿಯೂ ದಾಟುವುದಿಲ್ಲ. ಆಣೆ ಇಟ್ಟ ಬಾಯಿ, ಕುರ್ಚಿ ಮತ್ತೆ ಕಟ್ಟಿಸಲಿಲ್ಲ. ಮೇ ತಿಯೆನ್ ಬೆನ್ನಿನ ಹುಣ್ಣು ಒಣಗಿದೆ. ಗುಳಿಬಿದ್ದ ಕಲೆ ಉಳಿದಿದೆ, ಅದರಲ್ಲಿ ಮಳೆಗಾಲದಲ್ಲಿ ಒಂದು ಸಣ್ಣ ಹುಲ್ಲೂ ಚಿಗುರುತ್ತದೆ.

ಸಿಂಗ್‌ಖಾಮ್ ಒಳಗೇ ಇದ್ದಾನೆ, ಹಸಿರು ಅಂಗಿ ಮಾತ್ರ ಬೆದರುಬೊಂಬೆಗೆ ತೊಡಿಸಿದ್ದಾನೆ. ದುವಾಂಗ್‌ದಿಯನ್ನೂ ಕೆಲಸಕ್ಕೆ ಕರೆದರು. ಅವನು ಒಪ್ಪಲಿಲ್ಲ. ಸಂಜೆಯಾದರೆ ಬೇಲಿಯ ಆಚೆಯಿಂದ ಬಂದು ಹಳ್ಳದ ಆ ದಡದಲ್ಲಿ ಫೆಟ್‌ನ ಕಿವಿ ಸವರಿ ಹೋಗುತ್ತಾನೆ. ಆಮೇಲೆ ಇಬ್ಬರೂ ಇಲ್ಲಿಗೆ ಬಂದು ಜಗಳ ಶುರು.

“ಒಳಗಿದ್ದೇ ಇಳಿಸಿದೆ. ತೊಳಿ ನನ್ನ ಕಾಲು,” ಅನ್ನುತ್ತಾನೆ ಸಿಂಗ್‌ಖಾಮ್.

“ನೀನು ಇಳಿಸಿದ್ದು ಹಳ್ಳದ ಆಚೆ, ಪೀ. ಅಲ್ಲಿ ಕ್ಯಾಂಪು ಇಲ್ಲ. ಮೊಳೆ ಎಸೆದ ಗಳಿಗೇಲಿ ನೀನು ಕೆಲಸ ಬಿಟ್ಟಾಗಿತ್ತು. ಬಿಟ್ಟಿದ್ದಕ್ಕೇ ಇಳೀತು.”

“ಒಳಗಿರದೆ ಇದ್ದಿದ್ರೆ ಅವಳಿಗೆ ಹಳ್ಳ ದಾಟೋಕೆ ಯಾರು ಕಲಿಸ್ತಿದ್ರು?”

“ನೀನೆಲ್ಲಿ ಕಲಿಸಿದೆ? ನೀನು ‘ಬಾ’ ಅಂದೆ, ಅವಳು ಹೋದ್ಲು.”

ಹೀಗೆ ವರ್ಷಗಳಿಂದ ನಡೆದಿದೆ. ಇನ್ನೂ ಯಾರ ಕಾಲನ್ನೂ ಯಾರೂ ತೊಳೆದಿಲ್ಲ. ನೀವು ನಂಬುವುದಿಲ್ಲವಾದರೆ ಇಲ್ಲಿ ನೋಡಿ, ನಾನು ಕೂತಿರುವುದೇ ಆ ಕುರ್ಚಿ. ಕೂರಲು ಸೊಗಸಾಗಿದೆ. ಅದರ ಅಡಿಭಾಗಕ್ಕೆ ಮಾತ್ರ ಒಮ್ಮೆ ಕೈಯಿಟ್ಟು ನೋಡಿ.

ನನ್ನನ್ನು ಕೇಳಿದರೆ ನಾನು ಯಾರ ಕಡೆಯೂ ಇಲ್ಲ, ಗೇಟಿನ ಎದುರು ಇದ್ದೇನೆ. ಆದರೆ ಕಥೆ ಕೇಳಿದವರು ಹಾಗೆ ತಪ್ಪಿಸಿಕೊಳ್ಳುವಂತಿಲ್ಲ. ಸಿಂಗ್‌ಖಾಮ್ ಸರಿ ಅನ್ನುವವರು ಬಾಳೆಹಣ್ಣು ಕೊಳ್ಳಬೇಕು, ದುವಾಂಗ್‌ದಿ ಸರಿ ಅನ್ನುವವರು ಕಬ್ಬು. ಇಬ್ಬರೂ ಸರಿ ಅನ್ನುವ ಜಾಣರು ಎರಡನ್ನೂ ಕೊಳ್ಳಬೇಕು. ಇನ್ನೂ ಯೋಚಿಸಬೇಕು ಅನ್ನುವಿರಾದರೆ, ಅಗೋ ಆ ಬುಟ್ಟಿ ಹೊತ್ತುಕೊಳ್ಳಿ. ಹಳ್ಳದವರೆಗೆ ನನ್ನ ಜೊತೆ ಬಂದು ಯೋಚಿಸಿ, ನನ್ನ ಬೆನ್ನೂ ಈಗ ನೋಯುತ್ತದೆ.